ಫೈನಾನ್ಸ್ ಕೆಲಸಕ್ಕೆ ದೇಶ ಬಿಡಬೇಕಾ? ಹೊರಡುವ ಮುನ್ನ ಹಾಕಬೇಕಾದ ಲೆಕ್ಕ

ಇಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಒಂದು ವಿಚಿತ್ರ ಬೇಡಿಕೆ ಇರುತ್ತದೆ. ಹಳೆಯ ಕ್ಲಾಸ್‌ಮೇಟ್‌ಗಳು, ಅವರ ತಮ್ಮ-ತಂಗಿಯರು ಫೋನ್ ಮಾಡಿ ಸಲಹೆ ಕೇಳುತ್ತಾರೆ, ‘ನೀನು ಹೇಗೂ ಎಲ್ಲಾ ಓದ್ತಿರ್ತೀಯಲ್ಲ’ ಅಂತ. ಈಚೆಗೆ ಹೆಚ್ಚು ಬರುತ್ತಿರುವ ಪ್ರಶ್ನೆ ಇದು: ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕೊಂದರ ಕಚೇರಿಯಲ್ಲಿ ಕೆಲಸವಿದೆ, ಸಂಬಳ ಪರವಾಗಿಲ್ಲ, ಆದರೆ ‘ನಿಜವಾದ’ ಫೈನಾನ್ಸ್ ಇರೋದು ಲಂಡನ್, ನ್ಯೂಯಾರ್ಕ್, ಸಿಂಗಪುರ, ದುಬೈಗಳಲ್ಲಿ. ಹೋಗ್ಬೇಕಾ, ಬೇಡ್ವಾ?

ಕೇಳಿದವರಿಗೆಲ್ಲ ಸಿಗುವ ಉತ್ತರ ಎರಡು ಬಗೆಯದು. ‘ವಯಸ್ಸಿದೆ, ಹೋಗಿ ಬಾ’ ಅನ್ನುವವರು ಒಂದು ಕಡೆ. ‘ಈಗ ಅಲ್ಲೇನೂ ಇಲ್ಲ, ವೀಸಾ ಎಲ್ಲಾ ಟೈಟ್’ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಊರನ್ನು ನೋಡಿ ಮಾತಾಡುತ್ತಾರೆ. ನಾನು ಹೇಳುವುದು, ಮೊದಲು ಕೂರುವ ಕುರ್ಚಿ ಯಾವುದು ನೋಡಿ. ಆಮೇಲೆ ಆ ಕುರ್ಚಿಗೆ ಕಟ್ಟಿರುವ ವೀಸಾ, ಹೋಗಲು ಖರ್ಚಾಗುತ್ತಿರುವ ದುಡ್ಡು ಯಾರದ್ದು ಅನ್ನೋದು. ಸಂಬಳದ ಅಂಕಿ ಇವೆಲ್ಲದರ ನಂತರ.

ಬೆಂಗಳೂರಿಗೆ ಏನು ಬಂತು, ಏನು ಬರಲಿಲ್ಲ

ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು 2004ರಲ್ಲಿ, ಕೆಲವು ನೂರು ಜನರೊಂದಿಗೆ. ಇವತ್ತು ಅಲ್ಲಿ ಸಾವಿರಗಟ್ಟಲೆ ಜನ ಇದ್ದಾರೆ. ಜೆಪಿ ಮಾರ್ಗನ್, ಮಾರ್ಗನ್ ಸ್ಟಾನ್ಲಿ, ವೆಲ್ಸ್ ಫಾರ್ಗೊ ಎಲ್ಲವೂ ಇಲ್ಲಿವೆ. ಈ ಕಚೇರಿಗಳನ್ನು ಈಗ ಜಿಸಿಸಿ, ಅಂದರೆ ಗ್ಲೋಬಲ್ ಕೆಪೆಬಿಲಿಟಿ ಸೆಂಟರ್ ಎಂದು ಕರೆಯುತ್ತಾರೆ. ‘ಬ್ಯಾಕ್ ಆಫೀಸ್’ ಅಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಆ ಸಿಟ್ಟಿನಲ್ಲಿ ನ್ಯಾಯವೂ ಇದೆ, ಯಾಕೆಂದರೆ ಕೆಲಸ ಬದಲಾಗಿದೆ. ಮೊದಲು ಬಂದದ್ದು ಟ್ರೇಡ್ ಸೆಟ್ಲ್‌ಮೆಂಟ್, ಡೇಟಾ ಎಂಟ್ರಿ, ಐಟಿ ಸಪೋರ್ಟ್. ಆಮೇಲೆ ರಿಸ್ಕ್ ಮಾಡೆಲ್‌ಗಳು, ವ್ಯಾಲ್ಯುಯೇಷನ್, ನಿಯಂತ್ರಕರಿಗೆ ಕೊಡುವ ವರದಿಗಳು, ಡೆರಿವೇಟಿವ್ ಬೆಲೆ ಕಟ್ಟುವ ಕೋಡ್ ಕೂಡ ಬಂದವು. ಲಂಡನ್ನಿನ ಡೆಸ್ಕ್ ಬಳಸುವ ಮಾಡೆಲನ್ನು ಹೊರವರ್ತುಲ ರಸ್ತೆಯ ಪಕ್ಕದ ಕಟ್ಟಡದಲ್ಲಿ ಕೂತವರು ಬರೆಯುವುದು ಈಗ ಸುದ್ದಿಯೇ ಅಲ್ಲ.

ಹಾಗಾದರೆ ಬರದೇ ಉಳಿದದ್ದು? ತೀರ್ಮಾನ. ಗ್ರಾಹಕನ ಎದುರು ಕೂತು ಕಂಪನಿ ಮಾರಾಟದ ಡೀಲ್ ಕುದುರಿಸುವುದು, ಬ್ಯಾಂಕಿನ ದುಡ್ಡಲ್ಲಿ ಟ್ರೇಡ್ ಹಾಕುವುದು, ದೊಡ್ಡ ಸಾಲಕ್ಕೆ ‘ಹೂಂ’ ಅಥವಾ ‘ಊಹೂಂ’ ಅನ್ನುವುದು. ಇದಕ್ಕೆ ಕಾರಣ ನಮ್ಮ ಬುದ್ಧಿಮಟ್ಟವಲ್ಲ. ಹಣದ ಪುಸ್ತಕ ಯಾವ ದೇಶದ ಕಾನೂನಿನಡಿ ನೋಂದಣಿಯಾದ ಕಂಪನಿಯಲ್ಲಿದೆಯೋ, ಅಲ್ಲಿನ ನಿಯಂತ್ರಕ ಹೊಣೆಗಾರನನ್ನು ತನ್ನ ಕೈಗೆ ಸಿಗುವ ಜಾಗದಲ್ಲೇ ಇರಿಸಿಕೊಳ್ಳಲು ಬಯಸುತ್ತಾನೆ. ಬ್ರಿಟನ್ 2016ರಿಂದ ಬ್ಯಾಂಕುಗಳಿಗೆ ಸೀನಿಯರ್ ಮ್ಯಾನೇಜರ್ಸ್ ಪದ್ಧತಿ ತಂದಿದೆ. ಏನಾದರೂ ಎಡವಟ್ಟಾದರೆ ಯಾವ ಹಿರಿಯ ಅಧಿಕಾರಿ ವೈಯಕ್ತಿಕವಾಗಿ ಉತ್ತರ ಕೊಡಬೇಕು ಅನ್ನೋದು ಅದರಲ್ಲಿ ಮೊದಲೇ ಬರೆದಿಟ್ಟಿರುತ್ತದೆ. ಅಮೆರಿಕದಲ್ಲಿ ಷೇರು, ಬಾಂಡ್ ಮಾರಬೇಕಾದರೆ ಫಿನ್ರಾ ನೋಂದಣಿ ಬೇಕು, ಅದರ ಮುಖ್ಯ ಪರೀಕ್ಷೆ ಬರೆಯಲು ಯಾವುದಾದರೂ ಸದಸ್ಯ ಸಂಸ್ಥೆ ನಿಮ್ಮನ್ನು ಪ್ರಾಯೋಜಿಸಬೇಕು. ಇದರ ಮೇಲೆ ಗ್ರಾಹಕರ ಒಡನಾಟ, ಟೈಮ್ ಝೋನ್ ಇದ್ದೇ ಇವೆ.

ಇಂಜಿನಿಯರಿಂಗ್ ಮುಗಿಸಿದ ಮೇಲೆ ಒಂದೂವರೆ ವರ್ಷ ನಾನೂ ಇಂಥ ಒಂದು ಕಚೇರಿಯಲ್ಲಿದ್ದೆ. ಲಂಡನ್ ಡೆಸ್ಕ್ ನಿನ್ನೆ ಮಾಡಿದ ಟ್ರೇಡ್‌ಗಳಿಗೂ ಎದುರು ಪಾರ್ಟಿಯ ಲೆಕ್ಕಕ್ಕೂ ಎಲ್ಲಿ ತಾಳೆಯಾಗಿಲ್ಲ ಅಂತ ಹುಡುಕೋದು ನಮ್ಮ ಕೆಲಸ. ಅದಕ್ಕೆ ‘ಬ್ರೇಕ್’ ಅನ್ನುತ್ತಿದ್ದರು. ಬ್ರೇಕ್ ಸಿಕ್ಕರೆ ಮೇಲ್ ಕಳಿಸುತ್ತಿದ್ದೆವು. ಅಲ್ಲಿ ನಮ್ಮದೇ ವಯಸ್ಸಿನ ಒಬ್ಬ ಅದನ್ನು ಓದಿ ಏನು ಮಾಡಬೇಕು ಅಂತ ನಿರ್ಧರಿಸುತ್ತಿದ್ದ. ಗಣಿತ ನಮ್ಮ ಟೀಮಿನವರಿಗೇ ಚೆನ್ನಾಗಿ ಬರುತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಹತ್ತು ವರ್ಷ ಹಾಗೆ ನಿರ್ಧರಿಸುತ್ತಾ ಹೋದವನಿಗೆ ಒಂದು ತರಹದ ವೃತ್ತಿ ಆಗುತ್ತದೆ, ಹತ್ತು ವರ್ಷ ಹುಡುಕಿ ಕೊಟ್ಟವನಿಗೆ ಇನ್ನೊಂದು ತರಹದ್ದು.

ಹಾಗಾಗಿ ಫೋನ್ ಮಾಡಿದವರಿಗೆ ನಾನು ಮೊದಲು ಕೇಳೋದು, ‘ಅಲ್ಲಿ ನಿನಗೆ ಸಿಗಬಹುದಾದ ಕೆಲಸ ಇಲ್ಲೂ ಸಿಗುತ್ತಾ?’ ಸಿಗುತ್ತದೆ ಅಂದರೆ, ಅದೇ ಕೆಲಸಕ್ಕೆ ಸಾಲ ಮಾಡಿಕೊಂಡು ಹೋಗುವುದು ವಿಳಾಸಕ್ಕೆ ದುಡ್ಡು ಕೊಟ್ಟಂತೆ. ಇದರಲ್ಲಿ ಇನ್ನೂ ಒಂದು ಅಪಾಯವಿದೆ. ಲಂಡನ್ನಿನಲ್ಲಿ ಮಾಡಲೇಬೇಕು ಅನ್ನುವ ಕಾರಣ ಇಲ್ಲದ ಕೆಲಸಗಳನ್ನು ಬ್ಯಾಂಕುಗಳು ವರ್ಷಗಳಿಂದ ಅಗ್ಗದ ಊರುಗಳಿಗೆ ಸಾಗಿಸುತ್ತಿವೆ: ಗ್ಲಾಸ್ಗೊ, ಬರ್ಮಿಂಗ್‌ಹ್ಯಾಮ್, ವಾರ್ಸಾ, ಬೆಂಗಳೂರು, ಹೈದರಾಬಾದ್. ನೀವು ಅಲ್ಲಿಗೆ ಹೋಗಿ ಕೂತ ಕುರ್ಚಿ ನಿಮ್ಮ ಹಿಂದೆಯೇ ಬೆಂಗಳೂರಿಗೆ ಹೊರಟಿರಬಹುದು. ಇಲ್ಲಿ ಸಿಗದ ಕೆಲಸವಾದರೆ, ಅಂದರೆ ಎಂ ಅಂಡ್ ಎ, ಟ್ರೇಡಿಂಗ್, ಗ್ಲೋಬಲ್ ಫಂಡ್ ಮ್ಯಾನೇಜ್‌ಮೆಂಟ್ ಥರದ್ದಾದರೆ, ಹೋಗಿ ಅಂತಲೇ ಹೇಳುತ್ತೇನೆ. ಅದೂ ಬೇಗ ಹೋಗಿ. ಆ ಡೆಸ್ಕ್‌ಗಳಿಗೆ ಜನ ಸೇರುವುದು ಬಹುಪಾಲು ಓದು ಮುಗಿದ ಕೂಡಲೇ, ಇಂಟರ್ನ್‌ಶಿಪ್ ಮೂಲಕ. ಮೂವತ್ತೆರಡರಲ್ಲಿ ಆಪರೇಷನ್ಸ್‌ನಿಂದ ಅಲ್ಲಿಗೆ ದಾಟುವ ಬಾಗಿಲು ಬಹಳ ಸಣ್ಣದು.

ಇಲ್ಲೊಂದು ಉಪಮಾತು. ಡೀಲ್ ಮಾಡುವ ಆಸೆ ಇದ್ದವರು ಮುಂಬೈಯನ್ನು ಮರೆತೇ ಬಿಡುತ್ತಾರೆ. ಬೆಂಗಳೂರಿನ ಹುಡುಗರಿಗೆ ನ್ಯೂಯಾರ್ಕ್ ಹತ್ತಿರ, ಬಾಂದ್ರಾ-ಕುರ್ಲಾ ದೂರ!

ಗುಣಿಸಿ ನೋಡುವ ಅಭ್ಯಾಸ

ಸಂಬಳಕ್ಕೆ ಬರೋಣ. ಲಂಡನ್ನಿನಲ್ಲಿ ವರ್ಷಕ್ಕೆ 60,000 ಪೌಂಡ್ ಅಂದಕೂಡಲೇ ಎಲ್ಲರೂ ರೂಪಾಯಿಗೆ ಗುಣಿಸುತ್ತಾರೆ, ಬಂದ ಮೊತ್ತ ನೋಡಿ ಕಣ್ಣರಳಿಸುತ್ತಾರೆ. ಈಗ ಕಳೆಯೋಣ. ಮೊದಲ 12,570 ಪೌಂಡ್‌ಗೆ ಆದಾಯ ತೆರಿಗೆ ಇಲ್ಲ, 50,270ರವರೆಗೆ ಶೇ. 20, ಅದರ ಮೇಲೆ ಶೇ. 40. ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್. ಪಿಂಚಣಿ ವಂತಿಗೆ ಬಿಟ್ಟು ಕೈಗೆ ಬರುವುದು ಸುಮಾರು 45,350 ಪೌಂಡ್, ತಿಂಗಳಿಗೆ 3,780ರ ಆಸುಪಾಸು. ಲಂಡನ್ನಿನ ಸರಾಸರಿ ಮನೆ ಬಾಡಿಗೆಯೇ ತಿಂಗಳಿಗೆ 2,000 ಪೌಂಡ್ ದಾಟಿದೆ. ಒಂಟಿಯಾಗಿದ್ದು, ಇನ್ನಿಬ್ಬರ ಜೊತೆ ಫ್ಲಾಟ್ ಹಂಚಿಕೊಂಡರೆ ಉಳಿಯುತ್ತದೆ. ಹೆಂಡತಿ-ಮಗು ಇದ್ದು, ಒಂದೇ ಸಂಬಳ ಅಂದರೆ ಬೆಂಗಳೂರಿನ 25 ಲಕ್ಷದಷ್ಟು ನಿರಾಳವಾಗಿರುವುದು ಕಷ್ಟ.

ಅರ್ಥಶಾಸ್ತ್ರದವರು ಇದಕ್ಕೆ ಕೊಳ್ಳುವ ಶಕ್ತಿಯ ದರ ಬಳಸುತ್ತಾರೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದು ಡಾಲರ್ ಮಾಡುವ ಕೆಲಸವನ್ನು ಭಾರತದಲ್ಲಿ ಸುಮಾರು 20 ರೂಪಾಯಿ ಮಾಡುತ್ತದೆ. ಅದು ಇಡೀ ದೇಶದ ಸರಾಸರಿ. ಬೆಳ್ಳಂದೂರಿನ ಬಾಡಿಗೆ, ಮಕ್ಕಳ ಶಾಲೆ ಫೀಸು ನೋಡಿದರೆ ನಮಗೆ ಆ ದರ ಅನ್ವಯಿಸಲ್ಲ. ಆದರೂ ವಿನಿಮಯ ದರದಿಂದ ಗುಣಿಸುವುದಂತೂ ತಪ್ಪು ಲೆಕ್ಕವೇ. ವಿನಿಮಯ ದರ ಸರಿ ಹೊಂದುವುದು ಒಂದಕ್ಕೆ ಮಾತ್ರ, ಉಳಿಸಿ ಊರಿಗೆ ಕಳಿಸುವ ದುಡ್ಡಿಗೆ. ಆದ್ದರಿಂದ ಸಂಬಳ ಹೋಲಿಸಬೇಡಿ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಅನ್ನೋದನ್ನು ಹೋಲಿಸಿ.

ಈ ಲೆಕ್ಕದಲ್ಲಿ ಗೆಲ್ಲುವುದು ದುಬೈ. ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಮಂಗಳೂರಿನಿಂದ ನೇರ ವಿಮಾನ ಇದೆ. 2004ರಲ್ಲಿ ಶುರುವಾದ ಡಿಐಎಫ್‌ಸಿ ಎಂಬ ಹಣಕಾಸು ವಲಯಕ್ಕೆ ತನ್ನದೇ ಇಂಗ್ಲಿಷ್ ಕಾನೂನು, ಕೋರ್ಟು ಇವೆ. ಸಿಂಗಪುರದಲ್ಲಿ ತೆರಿಗೆಯ ಗರಿಷ್ಠ ಹಂತವೇ ಶೇ. 24. ಆದರೆ ಎರಡೂ ಕಡೆ ನಿಮ್ಮ ಮುಪ್ಪಿನ ಜವಾಬ್ದಾರಿ ನಿಮ್ಮದೇ. ಸಿಂಗಪುರದ ಸಿಪಿಎಫ್ ಎಂಬ ನಿವೃತ್ತಿ ನಿಧಿ ಇರುವುದು ನಾಗರಿಕರಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ಕಡಿಮೆ ತೆರಿಗೆಯ ಖುಷಿಯಲ್ಲಿ ಇದನ್ನು ಮರೆತವರು ಬಹಳ ಜನ.

ಸಾಲ ತೀರಿಸೋದು ಯಾರು

ಕೆಲಸವಿಲ್ಲದೆ ಹೋಗುವವರ ದಾರಿ ಸಾಮಾನ್ಯವಾಗಿ ಒಂದು ಮಾಸ್ಟರ್ಸ್ ಅಥವಾ ಎಂಬಿಎ. 60 ಲಕ್ಷ ಸಾಲ, ಶೇ. 11 ಬಡ್ಡಿ, ಹತ್ತು ವರ್ಷ ಅಂದರೆ ಇಎಂಐ ಸುಮಾರು 82,600 ರೂಪಾಯಿ. ಪೂರ್ತಿ ಮೊತ್ತ ಮೊದಲೇ ಬಿಡುಗಡೆಯಾಗಿ, ಓದುವ ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿತು ಎಂದಿಟ್ಟುಕೊಳ್ಳಿ, ಕಂತು ಲಕ್ಷ ದಾಟುತ್ತದೆ. ಡಾಲರ್ ಸಂಬಳದಲ್ಲಿ ಇದು ದೊಡ್ಡದಲ್ಲ. ವಾಪಸ್ ಬಂದು ಬೆಂಗಳೂರಿನ ಸಂಬಳದಲ್ಲಿ ಕಟ್ಟಬೇಕಾಗಿ ಬಂದರೆ? ಆ ಪರಿಸ್ಥಿತಿಯನ್ನೇ ಮೊದಲು ಬರೆದು ನೋಡಬೇಕು. ಕಟ್ಟಿದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ, ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಎಂಟು ವರ್ಷಗಳವರೆಗೆ.

ನನಗೆ ಗೊತ್ತಿರುವ ಒಬ್ಬ ಹುಡುಗ, ತಿಪಟೂರು ಕಡೆಯವನು. ಅವನ ಸಾಲಕ್ಕೆ ಅಪ್ಪನ ಸೈಟು ಅಡಮಾನ, ಅಪ್ಪನೇ ಸಹ-ಅರ್ಜಿದಾರ. ‘ಅಣ್ಣಾ, ರಿಸ್ಕ್ ತಗೊಳ್ದೆ ಏನೂ ಆಗಲ್ಲ’ ಅಂದ. ಮಾತು ಸರಿ. ಆದರೆ ರಿಸ್ಕ್ ತಗೊಂಡವನು ಅವನಲ್ಲ, ಅವರಪ್ಪ. ಅದನ್ನು ಅಪ್ಪ-ಮಗ ಎದುರುಬದುರು ಕೂತು ಅಂಕಿ ಸಮೇತ ಮಾತಾಡಿದ್ದರಾ ಅಂದರೆ ಇಲ್ಲ. ಫೈನಾನ್ಸ್ ಓದಲು ಹೊರಟವನ ಮನೆಯಲ್ಲೇ ಇದು ಆಗುವುದಿಲ್ಲ.

ವೀಸಾ ಅನ್ನೋದು ಕಂಪನಿ ಕ್ವಾರ್ಟರ್ಸ್ ಇದ್ದ ಹಾಗೆ

ಕೆಲಸ ಇರುವವರೆಗೆ ಮನೆ. ಕೆಲಸ ಹೋದ ದಿನದಿಂದ ಗಡಿಯಾರ ಶುರು. ಅಮೆರಿಕದಲ್ಲಿ ಎಚ್‌1ಬಿ ಮೇಲಿದ್ದವರಿಗೆ 60 ದಿನ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾವನ್ನು ಸಾಮಾನ್ಯವಾಗಿ 60 ದಿನಕ್ಕೆ ಮೊಟಕು ಮಾಡುತ್ತಾರೆ. ಸಿಂಗಪುರದಲ್ಲಿ ಪಾಸ್ ರದ್ದಾದ ಮೇಲೆ ಸಿಗುವುದು ಸಾಮಾನ್ಯವಾಗಿ 30 ದಿನ. ಐಟಿಗೂ ಇದೇ ನಿಯಮ ನಿಜ, ಆದರೆ ಫೈನಾನ್ಸ್‌ನಲ್ಲಿ ಕೆಲಸ ಹೋಗುವ ರೀತಿಯೇ ಬೇರೆ. ಇಡೀ ಉದ್ಯಮ ಒಂದೇ ವಾರದಲ್ಲಿ ನೇಮಕಾತಿ ನಿಲ್ಲಿಸಬಲ್ಲದು.

2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದರ ಉತ್ತರ ಅಮೆರಿಕದ ವ್ಯವಹಾರವನ್ನು ಬಾರ್ಕ್ಲೇಸ್ ಕೊಂಡಿತು. ಮುಂಬೈನ ಪವಾಯಿಯಲ್ಲಿದ್ದ ಬ್ಯಾಕ್ ಆಫೀಸನ್ನು ಜಪಾನಿನ ನೊಮುರಾ ಕೊಂಡಿತು. ಆ ಬಿರುಗಾಳಿಯಲ್ಲಿ ಎರಡೂ ಖಂಡಗಳಲ್ಲಿ ಕೆಲಸ ಹೋದವು. ಆದರೆ ಮುಂಬೈಯಲ್ಲಿ ಕೆಲಸ ಕಳೆದುಕೊಂಡವನು ಕಳೆದುಕೊಂಡದ್ದು ಕೆಲಸವನ್ನಷ್ಟೇ. ನ್ಯೂಯಾರ್ಕಿನಲ್ಲಿ ವೀಸಾ ಮೇಲಿದ್ದವನಿಗೆ ದೇಶದಲ್ಲಿರುವ ಹಕ್ಕು, ಬಾಡಿಗೆ ಕರಾರು, ಮಗುವಿನ ಶಾಲೆ ಎಲ್ಲವೂ ಒಟ್ಟಿಗೆ ಪ್ರಶ್ನೆಯಾದವು. ಮೇಲೆ ಹೇಳಿದ 60 ದಿನದ ಕರುಣೆ ಆಗ ಇರಲೂ ಇಲ್ಲ, ಅದು ಬಂದದ್ದು 2017ರಲ್ಲಿ. 2023ರ ಮಾರ್ಚ್‌ನಲ್ಲಿ ಕ್ರೆಡಿಟ್ ಸ್ವೀಸ್ ಒಂದು ವಾರಾಂತ್ಯದಲ್ಲಿ ಯುಬಿಎಸ್ ಪಾಲಾಯಿತು. ನೂರೈವತ್ತು ವರ್ಷ ದಾಟಿದ ಬ್ಯಾಂಕು ಅದು.

ಅಮೆರಿಕದ ದಾರಿ ಈಗ ಹೇಗಿದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ವರ್ಷಕ್ಕೆ 65,000 ಎಚ್‌1ಬಿ, ಅಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಓದಿದವರಿಗೆ ಒಂದು ವರ್ಷ ಒಪಿಟಿ, ಕೋರ್ಸು ಸ್ಟೆಮ್ ಪಟ್ಟಿಯಲ್ಲಿದ್ದರೆ ಇನ್ನೆರಡು ವರ್ಷ. ಫೈನಾನ್ಶಿಯಲ್ ಮ್ಯಾಥಮ್ಯಾಟಿಕ್ಸ್ ಆ ಪಟ್ಟಿಯಲ್ಲಿದೆ, ಮಾಮೂಲಿ ಎಂಬಿಎ ಇರಲಿಕ್ಕಿಲ್ಲ. ಅಡ್ಮಿಷನ್ ಪತ್ರ ಬಂದಾಗ ಕೋರ್ಸಿನ ಹೆಸರು ನೋಡಿ ಖುಷಿಪಡುವ ಮೊದಲು ಅದರ ಸಿಐಪಿ ಕೋಡ್ ಕೇಳಿ, ಒಂದು ಅಂಕಿಯ ಮೇಲೆ ಎರಡು ವರ್ಷ ನಿಂತಿರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊರಡಿಸಿದ ಘೋಷಣೆ, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್‌1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಹೊರೆ ಹಾಕಿತು, ಸದ್ಯಕ್ಕೆ ಒಂದು ವರ್ಷದ ಅವಧಿ ಅಂತ. ಅದು ಕೋರ್ಟಿಗೂ ಹೋಗಿದೆ. ಗ್ರೀನ್ ಕಾರ್ಡಿನ ವಿಷಯಕ್ಕೆ ಬಂದರೆ, ಒಂದೇ ದೇಶದವರಿಗೆ ಶೇ. 7 ಎಂಬ ಮಿತಿಯಿಂದಾಗಿ ಭಾರತೀಯರ ಸಾಲು ದಶಕಗಳಷ್ಟು ಉದ್ದವಿದೆ. ಅದನ್ನು ನಂಬಿ ಯೋಜನೆ ಹಾಕಬೇಡಿ.

ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಸಾಮಾನ್ಯ ಸಂಬಳ ಮಿತಿ 2025ರ ಜುಲೈನಲ್ಲಿ 41,700 ಪೌಂಡ್‌ಗೆ ಏರಿತು. ಫ್ರಂಟ್ ಆಫೀಸ್‌ಗೆ ಇದು ಲೆಕ್ಕಕ್ಕಿಲ್ಲ, ಸಣ್ಣ ಸಂಸ್ಥೆಯ ಅಕೌಂಟ್ಸ್ ಹುದ್ದೆಗೆ ದೊಡ್ಡ ಗೋಡೆ. ಓದಿನ ನಂತರದ ಎರಡು ವರ್ಷದ ಗ್ರ್ಯಾಜುಯೇಟ್ ವೀಸಾ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಐದು ವರ್ಷಕ್ಕೆ ಕಾಯಂ ವಾಸ ಅನ್ನುತ್ತಿದ್ದುದನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವನ್ನೂ ಅಲ್ಲಿನ ಸರ್ಕಾರ 2025ರಲ್ಲಿ ಮುಂದಿಟ್ಟಿತು. ಇವೆಲ್ಲ ನೀವು ಓದುವ ಹೊತ್ತಿಗೆ ಇನ್ನೂ ಬದಲಾಗಿರಬಹುದು. ಏಜೆಂಟನ ಬಾಯಿಮಾತು ಬಿಟ್ಟು ಸರ್ಕಾರಿ ಜಾಲತಾಣವನ್ನೇ ನೋಡಿ.

ಟ್ರಾನ್ಸ್‌ಫರ್ ಅನ್ನೋ ಹಳೆಯ ದಾರಿ

ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಎಲ್ಲ ಮಂಗಳೂರು-ಉಡುಪಿಯ ನೆಲದಲ್ಲಿ ಹುಟ್ಟಿದವು. ಆ ಬ್ಯಾಂಕುಗಳಿಗೆ ಸೇರಿದವರು ಬ್ಯಾಂಕಿನ ಖರ್ಚಿನಲ್ಲೇ ಕಾನ್ಪುರಕ್ಕೋ ಕೋಲ್ಕತ್ತಕ್ಕೋ ಹೋಗಿ ಬರುತ್ತಿದ್ದರು. ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಮೆಕ್ಯಾನಿಕಲ್ ಓದಿದ ಕೆ.ವಿ. ಕಾಮತ್ 1971ರಲ್ಲಿ ಐಸಿಐಸಿಐ ಸೇರಿ, ಕೆಲಸ ಕಲಿತು, 1988ರಲ್ಲಿ ಮನಿಲಾದ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು. 1996ರಲ್ಲಿ ಅದೇ ಐಸಿಐಸಿಐಗೆ ಮುಖ್ಯಸ್ಥರಾಗಿ ವಾಪಸ್ ಬಂದರು. ಎಲ್ಲರೂ ಕಾಮತ್ ಆಗಲ್ಲ, ಒಪ್ಪಿದೆ. ಆದರೆ ಕಸುಬು ಕೈಯಲ್ಲಿ ಹಿಡಿದುಕೊಂಡು ಹೋಗುವ ಆ ಕ್ರಮ ಈಗಲೂ ನಡೆಯುತ್ತದೆ.

ಜಿಸಿಸಿಯಲ್ಲಿರುವವರಿಗೆ ಅದರ ಹೆಸರು ಎಲ್-1. ಹಿಂದಿನ ಮೂರು ವರ್ಷಗಳಲ್ಲಿ ಸತತ ಒಂದು ವರ್ಷ ಅದೇ ಸಂಸ್ಥೆಯ ಹೊರದೇಶದ ಕಚೇರಿಯಲ್ಲಿ ದುಡಿದಿರಬೇಕು. ಮ್ಯಾನೇಜರ್‌ಗೆ ಗರಿಷ್ಠ ಏಳು ವರ್ಷ, ವಿಶೇಷ ಜ್ಞಾನ ಇರುವವರಿಗೆ ಐದು. ಲಾಟರಿ ಇಲ್ಲ, ಸಂಗಾತಿಗೆ ಕೆಲಸ ಮಾಡುವ ಹಕ್ಕಿದೆ. ತೊಂದರೆ ಏನೆಂದರೆ, ಈ ವೀಸಾದಲ್ಲಿ ಕಂಪನಿ ಬದಲಿಸುವಂತಿಲ್ಲ. ಬ್ರಿಟನ್ನಿನ ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ ವೀಸಾ ಇದೇ ಜಾತಿಯದು, ಆದರೆ ನೇರವಾಗಿ ಕಾಯಂ ವಾಸಕ್ಕೆ ಒಯ್ಯುವುದಿಲ್ಲ. ಇದರಲ್ಲಿ ಸಾಲ ಇಲ್ಲ, ಅಪ್ಪನ ಸೈಟು ಅಡಮಾನ ಇಲ್ಲ, ಒಗ್ಗದಿದ್ದರೆ ಬೆಂಗಳೂರಿನ ಕುರ್ಚಿಗೆ ಮರಳುವ ಸಾಧ್ಯತೆಯೂ ಇದೆ. ರಿಸ್ಕ್, ಮಾಡೆಲಿಂಗ್, ಟೆಕ್‌ನಲ್ಲಿರುವವರಿಗೆ ನನ್ನ ಮೊದಲ ಸಲಹೆ ಇದೇ. ಎರಡು ವರ್ಷ ಕಾಯಿರಿ, ಲಂಡನ್ ಡೆಸ್ಕ್‌ಗೆ ನಿಮ್ಮ ಹೆಸರು ಗೊತ್ತಾಗಲಿ, ಆಮೇಲೆ ಕೇಳಿ.

ಸರ್ಟಿಫಿಕೇಟುಗಳ ಬಗ್ಗೆ ಒಂದೇ ಮಾತು. ಸಿಎಫ್‌ಎ ಎಲ್ಲ ಕಡೆ ಓಡುವ ನಾಣ್ಯ. ನಮ್ಮ ಸಿಎ ಆಳವಾದದ್ದು, ಆದರೆ ಅದರ ಅರ್ಧ ಬಲ ಭಾರತದ ತೆರಿಗೆ, ಕಂಪನಿ ಕಾನೂನಿನಲ್ಲಿದೆ. ಆ ಬಲ ವಿಮಾನ ಹತ್ತುವುದಿಲ್ಲ.

ಮನೆಯವರ ಕಾಗದಪತ್ರ

ಹೋಗುವವನ ವೀಸಾ ಬಗ್ಗೆ ಎಲ್ಲರೂ ಓದುತ್ತಾರೆ, ಜೊತೆಗೆ ಹೋಗುವವಳ ವೀಸಾ ಬಗ್ಗೆ ಕಡಿಮೆ. ಎಚ್‌1ಬಿ ಗಂಡನ ಜೊತೆ ಎಚ್-4ರಲ್ಲಿ ಹೋದವರು, ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟುವವರೆಗೆ ಸಾಮಾನ್ಯವಾಗಿ ಅಲ್ಲಿ ದುಡಿಯುವಂತಿಲ್ಲ. ಬೆಂಗಳೂರಿನಲ್ಲಿ ಗಂಡನಿಗಿಂತ ಜಾಸ್ತಿ ಸಂಬಳ ತರುತ್ತಿದ್ದ ಸಿಎ ಹೆಣ್ಣುಮಗಳೊಬ್ಬಳು ಈ ಕಾರಣಕ್ಕೆ ಮೂರು ವರ್ಷ ಮನೆಯಲ್ಲಿ ಕೂತದ್ದನ್ನು ಹತ್ತಿರದಿಂದ ನೋಡಿದ್ದೇನೆ. ಗಂಡನ ಆಫರ್ ಲೆಟರ್ ಮುಂದಿಟ್ಟುಕೊಂಡು ಲೆಕ್ಕ ಹಾಕುವಾಗ ಅವಳ ಸಂಬಳ ಸೊನ್ನೆ ಆಗುವುದನ್ನು ಯಾರೂ ಬರೆದಿರಲಿಲ್ಲ. ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ಸಂಗಾತಿ ಮೊದಲ ದಿನದಿಂದಲೇ ಕೆಲಸ ಮಾಡಬಹುದು. ಒಬ್ಬರೇ ದುಡಿಯುವ ಮನೆಗೂ ಇಬ್ಬರೂ ದುಡಿಯುವ ಮನೆಗೂ ಸರಿಯಾದ ದೇಶ ಒಂದೇ ಆಗಿರಬೇಕಿಲ್ಲ.

ಅಪ್ಪ-ಅಮ್ಮನ ವಿಷಯ ಇನ್ನೂ ಬಿಗಿ. ಬ್ರಿಟನ್ 2012ರಿಂದ ವಯಸ್ಸಾದ ಪಾಲಕರನ್ನು ಕರೆಸಿಕೊಳ್ಳುವ ದಾರಿಯನ್ನು ಬಹುತೇಕ ಮುಚ್ಚಿದೆ. ಸಿಂಗಪುರದಲ್ಲಿ ತಿಂಗಳಿಗೆ 12,000 ಸಿಂಗಪುರ ಡಾಲರ್ ಸಂಬಳವಿದ್ದರೆ ಪಾಲಕರಿಗೆ ಪಾಸ್ ಕೇಳಬಹುದು. ಒಬ್ಬನೇ ಮಗ ಅಥವಾ ಒಬ್ಬಳೇ ಮಗಳಾಗಿದ್ದು, ಅಮ್ಮನಿಗೆ ಎಪ್ಪತ್ತು ದಾಟಿದ್ದರೆ ಈ ಸಾಲನ್ನು ಸಂಬಳಕ್ಕಿಂತ ಮೊದಲು ಓದಿ.

ಹೋಗುವುದು ನಿಕ್ಕಿಯಾದರೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಆಗಿ ಬದಲಿಸುವುದು ಕಡ್ಡಾಯ, ಬಹಳ ಜನ ಬಿಟ್ಟುಬಿಡುತ್ತಾರೆ. ದುಬೈಗೆ ಹೋಗುವವರು ಇನ್ನೊಂದು ಗಮನಿಸಿ: ಭಾರತದೊಳಗಿನ ಆದಾಯ ವರ್ಷಕ್ಕೆ 15 ಲಕ್ಷ ದಾಟಿದ್ದು, ಬೇರೆಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ನಮ್ಮ ಕಾನೂನು ಇಲ್ಲಿನ ನಿವಾಸಿ ಎಂದೇ ಭಾವಿಸುತ್ತದೆ. ವಿದೇಶದ ಸಂಬಳಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳದಿದ್ದರೂ ಒಬ್ಬ ಒಳ್ಳೆಯ ಆಡಿಟರ್ ಬಳಿ ಒಂದು ಗಂಟೆ ಕೂರುವುದು ಒಳ್ಳೆಯದು.

ಆಫರ್ ಲೆಟರ್ ಬಂದ ಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ, ಲಿಖಿತ ಉತ್ತರ ತರಿಸಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ವೀಸಾ ನವೀಕರಣದ ಖರ್ಚು ಯಾರದ್ದು? ಸ್ಥಳಾಂತರಕ್ಕೆ ಕೊಟ್ಟ ದುಡ್ಡನ್ನು ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೇಳುತ್ತಾರಾ? ಕಂಪನಿಯೇ ತೆಗೆದರೂ ಕೇಳುತ್ತಾರಾ? ಬೋನಸ್‌ನಲ್ಲಿ ಎಷ್ಟು ಭಾಗ ಕೈಗೆ, ಎಷ್ಟು ಭಾಗ ಮೂರು ವರ್ಷಕ್ಕೆ ಹಂಚಿದ ಷೇರು? ಕೊನೆಯದನ್ನು ಕೇಳಲು ಸಂಕೋಚಪಡುವವರೇ ಜಾಸ್ತಿ. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ.